ಪೈಪು ಕಡಿಯುವ ನಾಯಿಗೆ ದಿನಾ ಎರಡು ಹೊತ್ತು ಓಟ

ನಮ್ಮ ಭಾಗದಲ್ಲಿ ನಾಯಿ ಇಲ್ಲದ ವಸ್ತಿ ಸಿಗುವುದು ಕಡಿಮೆ. ವಿಜಯಪುರದಿಂದ ಅಥಣಿ ರಸ್ತೆ ಹಿಡಿದು ತಿಕೋಟಾ ಕಡೆ ಬಂದರೂ ಅಷ್ಟೇ, ಜಮಖಂಡಿ ರಸ್ತೆ ಹಿಡಿದು ಬಬಲೇಶ್ವರ ಕಡೆ ಹೋದರೂ ಅಷ್ಟೇ. ಹೊಲದಲ್ಲೇ ಮನೆ ಮಾಡಿಕೊಂಡವರಿಗೆ ರಾತ್ರಿ ಕಾವಲಿಗೆ ನಾಯಿ ಬೇಕೇ ಬೇಕು. ಆದರೆ ನಾಲ್ಕು ಮಂದಿ ರೈತರು ಕೂತಲ್ಲಿ ಈಗ ನಾಯಿಯ ಬಗ್ಗೆ ಕೇಳಿಬರುವುದು ದೂರೇ ಹೆಚ್ಚು. ಡ್ರಿಪ್ ಪೈಪು ಕಡಿಯಿತು, ಗಾಡಿ ಸೀಟು ಹರಿಯಿತು, ಸಸಿ ಮಡಿ ಕೆದರಿತು, ಚಪ್ಪಲಿ ಒಯ್ದಿತು. ಕೊನೆಗೆ ಬರುವ ಮಾತು ಒಂದೇ: 'ಇದನ್ನ ಒಯ್ದು ಎಲ್ಲ್ಯಾರ ಬಿಟ್ಟು ಬರೂಣು.'

ಹೀಗೆ ಬಿಟ್ಟು ಬಂದ ನಾಯಿ ರಸ್ತೆಯಲ್ಲಿ ಗಾಡಿಗೆ ಸಿಕ್ಕಿ ಸಾಯುತ್ತದೆ, ಇಲ್ಲವೇ ಬೇರೆ ಊರಿನ ಬೀದಿ ನಾಯಿಗಳ ಹಿಂಡು ಸೇರುತ್ತದೆ. ನಮ್ಮ ವಸ್ತಿಗೂ ಕಾವಲು ಇಲ್ಲದಂತಾಗುತ್ತದೆ. ಇಂಥ ಬಹಳಷ್ಟು ನಾಯಿಗಳನ್ನು ಖರ್ಚಿಲ್ಲದೆ ಸರಿಪಡಿಸಬಹುದು. ಬೇಕಾಗುವುದು ದಿನಕ್ಕೆ ಒಂದು ತಾಸು ಹೊತ್ತು ಮತ್ತು ಎರಡು ಕಾಲು. ಅದರ ಕ್ರಮವನ್ನು ಇಲ್ಲಿ ಬರೆದಿದ್ದೇನೆ.

ನಷ್ಟ ಬರೀ ಪೈಪಿನದಲ್ಲ

ದ್ರಾಕ್ಷಿ ತೋಟದ 16 ಎಂ.ಎಂ. ಲ್ಯಾಟರಲ್ ಪೈಪು ಒಂದು ಕಡೆ ಕಡಿದುಹೋದರೆ ಜಾಯಿನರ್ ಹಾಕಿ ಮುಗಿಸಬಹುದು. ಆದರೆ ಅದು ಕಣ್ಣಿಗೆ ಬೀಳುವ ತನಕ ನೀರೆಲ್ಲ ಒಂದೇ ಜಾಗದಲ್ಲಿ ನಿಲ್ಲುತ್ತದೆ. ಆ ಸಾಲಿನ ಮುಂದಿನ ಗಿಡಗಳಿಗೆ ಒತ್ತಡ ಸಿಗುವುದಿಲ್ಲ. ಏಪ್ರಿಲ್ ಚಾಟಣಿ ಮುಗಿದು ಹೊಸ ಚಿಗುರು ಬರುವ ಹೊತ್ತಿಗೆ ಎರಡು ಮೂರು ದಿನ ನೀರು ತಪ್ಪಿದರೆ ಬಳ್ಳಿಯ ಬೆಳವಣಿಗೆಗೇ ಹೊಡೆತ. ಡ್ರಿಪ್ಪಿನಲ್ಲಿ ಗೊಬ್ಬರ ಬಿಡುವ ದಿನ ಹೀಗಾದರೆ ಗೊಬ್ಬರವೂ ಒಂದೇ ಗುಣಿಯಲ್ಲಿ ಇಂಗಿಹೋಯಿತು. ಸಿಟ್ಟು ಬರುವುದು ಸಹಜ. ಬಡಿಯುತ್ತೇವೆ, ಗಿಡ್ಡ ಸರಪಳಿಯಲ್ಲಿ ಕಟ್ಟುತ್ತೇವೆ. ಕಟ್ಟಿದ ನಾಯಿ ಬಿಟ್ಟ ದಿನ ಇಮ್ಮಡಿ ಕಡಿಯುತ್ತದೆ. ಹೀಗೇಕೆ ಎಂದು ತಿಳಿಯಲು ನಾಯಿಯ ತಳಿಯನ್ನು ಸ್ವಲ್ಪ ನೋಡಬೇಕು.

ಓಡಲಿಕ್ಕೇ ಹುಟ್ಟಿದ ತಳಿ

ನಮ್ಮ ಕಡೆ ಹೆಚ್ಚಾಗಿ ಸಾಕುವುದು ಮುಧೋಳ ನಾಯಿ ಅಥವಾ ಅದರ ಬೆರಕೆ. 1997ರಲ್ಲಿ ಬಾಗಲಕೋಟೆ ಬೇರೆ ಜಿಲ್ಲೆ ಆಗುವ ತನಕ ಮುಧೋಳ ನಮ್ಮದೇ ಜಿಲ್ಲೆಯ ಊರು. ಮುಧೋಳ ಸಂಸ್ಥಾನದ ಘೋರ್ಪಡೆ ಮನೆತನ ಈ ತಳಿಯನ್ನು ಕಾಪಾಡಿ ಹೆಸರಿಗೆ ತಂದಿತು. 2005ರಲ್ಲಿ ಅಂಚೆ ಇಲಾಖೆ ನಾಲ್ಕು ಭಾರತೀಯ ನಾಯಿ ತಳಿಗಳ ಚೀಟಿ ಹೊರಡಿಸಿದಾಗ ಅದರಲ್ಲಿ ಮುಧೋಳವೂ ಇತ್ತು. ಮುಧೋಳ ತಾಲ್ಲೂಕಿನ ತಿಮ್ಮಾಪುರದಲ್ಲಿ ಬೀದರ ಪಶುವೈದ್ಯಕೀಯ ವಿಶ್ವವಿದ್ಯಾಲಯದ ಶ್ವಾನ ಸಂಶೋಧನೆ ಮತ್ತು ಮಾಹಿತಿ ಕೇಂದ್ರವಿದೆ. ಅಲ್ಲಿಯ ಮರಿಗಳು 2016ರಲ್ಲಿ ಮೀರತ್‌ನ ಸೇನಾ ತರಬೇತಿ ಕೇಂದ್ರಕ್ಕೂ ಹೋದವು. 2020ರಲ್ಲಿ ಪ್ರಧಾನಿಗಳು ಆಕಾಶವಾಣಿಯಲ್ಲಿ ಇದರ ಹೆಸರು ಹೇಳಿದ ಮೇಲೆ ಪಟ್ಟಣದ ಮಂದಿಯೂ ಮುಧೋಳ ಮರಿ ಕೇಳತೊಡಗಿದರು.

ಈ ನಾಯಿಯ ಮೈಕಟ್ಟು ನೋಡಿ. ಉದ್ದ ಕಾಲು, ಆಳವಾದ ಎದೆ, ಒಳಸೇರಿದ ಹೊಟ್ಟೆ, ಕಿರಿದಾದ ತಲೆ. ಮೂಸಿ ಹುಡುಕುವುದಕ್ಕಿಂತ ದೂರದಿಂದ ಕಣ್ಣಲ್ಲಿ ಹಿಡಿದು ಬೆನ್ನಟ್ಟುವುದು ಇದರ ಕಸುಬು. ಹಿಂದೆ ಮೊಲದ ಬೇಟೆಗೆ ಇದನ್ನು ಬಳಸುತ್ತಿದ್ದರು. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆ ಬಂದ ಮೇಲೆ ಮೊಲ, ಚಿಗರಿಗಳ ಬೇಟೆ ಅಪರಾಧ. ಅದು ಆಗಬೇಕಾದದ್ದೇ. ಆದರೆ ಬೇಟೆ ನಿಂತರೂ ನಾಯಿಯ ಕಾಲಿನ ಓಟ ನಿಂತಿಲ್ಲ. ಅದನ್ನು ಆರು ಅಡಿ ಸರಪಳಿಯಲ್ಲಿ ಕಟ್ಟಿದರೆ ಆ ಶಕ್ತಿ ಎಲ್ಲಿಗೆ ಹೋಗಬೇಕು?

ನಮ್ಮ ಹೊಲದ ಹತ್ತಿರ ಕುರಿ ಹಟ್ಟಿ ಹಾಕಿದ್ದ ಅಜ್ಜ ಒಬ್ಬರು ಇದನ್ನು ಒಂದೇ ಮಾತಿನಲ್ಲಿ ಹೇಳಿದರು: 'ಕಾಲ ಓಡ್ಲಿಲ್ಲಂದ್ರ ಬಾಯಿ ಓಡತೈತಿ, ತಮ್ಮಾ.'

ಕಾನೂನು ಕೂಡ ಇದನ್ನೇ ಹೇಳುತ್ತದೆ ಎಂಬುದು ಬಹಳ ಮಂದಿಗೆ ಗೊತ್ತಿಲ್ಲ. 1960ರ ಪ್ರಾಣಿ ಹಿಂಸೆ ತಡೆ ಕಾಯಿದೆಯ 11ನೇ ಕಲಮಿನ ಪ್ರಕಾರ, ಸದಾ ಕಟ್ಟಿಹಾಕುವ ನಾಯಿಗೆ ಸಾಕಷ್ಟು ವ್ಯಾಯಾಮ ಕೊಡದೆ ಇರುವುದು ಅಪರಾಧ. ತೀರಾ ಗಿಡ್ಡ, ತೀರಾ ಭಾರದ ಸರಪಳಿಯಲ್ಲಿ ಹೊತ್ತುಗಟ್ಟಲೆ ಕಟ್ಟುವುದೂ ಅಪರಾಧ.

ಮೊದಲು ಕಾರಣ ಹುಡುಕಿ

ಕಡಿಯುವ ನಾಯಿಗಳಿಗೆಲ್ಲ ಓಟವೇ ಮದ್ದು ಅಂತ ನಾನು ಹೇಳುವುದಿಲ್ಲ. ಒಂದು ವಾರ ಗಮನಿಸಿ. ಏನು ಕಡಿಯಿತು, ಎಷ್ಟು ಹೊತ್ತಿಗೆ, ಆಗ ಮನೆಯಲ್ಲಿ ಯಾರಿದ್ದರು ಎಂದು ಕ್ಯಾಲೆಂಡರಿನ ಮೇಲೆ ಗುರುತು ಹಾಕಿ. ಸಾಮಾನ್ಯವಾಗಿ ಐದು ಕಾರಣ ಸಿಗುತ್ತವೆ.

1. ಹಲ್ಲು ಬರುವ ವಯಸ್ಸು: ಮೂರು ತಿಂಗಳಿಂದ ಆರೇಳು ತಿಂಗಳ ತನಕ ಮರಿಯ 28 ಹಾಲುಹಲ್ಲು ಉದುರಿ 42 ಹಲ್ಲು ಬರುತ್ತವೆ. ಒಸಡು ತುರಿಸುವುದರಿಂದ ಸಿಕ್ಕಿದ್ದೆಲ್ಲ ಕಡಿಯುತ್ತದೆ. ಕಡಿಯಲು ಬೇರೆ ವಸ್ತು ಕೊಡಬೇಕು. ಈ ಚಟ ಬಹಳಷ್ಟು ತಾನೇ ಕಡಿಮೆ ಆಗುತ್ತದೆ.

2. ಬಾಯಾರಿಕೆ: ಬೇಸಿಗೆಯಲ್ಲಿ ಪೈಪು ಮಾತ್ರ ಕಡಿಯುತ್ತದೆ, ಬೇರೇನೂ ಮುಟ್ಟುವುದಿಲ್ಲ ಎಂದಾದರೆ ಇದೇ ಕಾರಣ ಇರಬಹುದು. ಪೈಪಿನೊಳಗೆ ನೀರಿದೆ ಎಂದು ನಾಯಿಗೆ ಗೊತ್ತು. ನೆರಳಲ್ಲಿ ಎರಡು ಕಡೆ ಮಣ್ಣಿನ ಬೋಗುಣಿಯಲ್ಲಿ ನೀರಿಡಿ.

3. ಹಸಿವು, ಜಂತು, ತುರಿ: ಒಪ್ಪತ್ತು ಒಣ ರೊಟ್ಟಿ ತಿನ್ನುವ ನಾಯಿ ಸಿಕ್ಕಿದ್ದನ್ನು ಅಗಿಯುತ್ತದೆ. ಜಂತಿನ ಔಷಧ, ಉಣ್ಣಿಗೆ ಔಷಧ ಆಗಿದೆಯೇ ನೋಡಿ.

4. ಒಂಟಿತನದ ಅಂಜಿಕೆ: ಮನೆ ಮಂದಿ ಹೊರಟ ಸ್ವಲ್ಪ ಹೊತ್ತಿಗೇ ಬಾಗಿಲು ಕೆರೆಯುವುದು, ಊಳಿಡುವುದು, ಸರಪಳಿ ಕಡಿಯುವುದು. ಹೊರಡುವ ಮೊದಲು ಓಡಿಸಿದರೆ ಇದು ಕಡಿಮೆ ಆಗುತ್ತದೆ, ಪೂರ್ತಿ ಹೋಗದು.

5. ಓಟ ಇಲ್ಲದಿರುವುದು: ಸಂಜೆ ಬಿಟ್ಟ ಕೂಡಲೇ ಹುಚ್ಚೆದ್ದಂತೆ ಸುತ್ತುವುದು, ಮಂದಿಯ ಮೈಮೇಲೆ ಹಾರುವುದು, ನೆಲ ತೋಡುವುದು, ನಾವು ಇದ್ದಾಗಲೂ ಕಡಿಯುವುದು. ಒಂದು ವರ್ಷದಿಂದ ಮೂರು ವರ್ಷದ ನಾಯಿಯಲ್ಲಿ ಇದು ಹೆಚ್ಚು.

ಕೊನೆಯ ಕಾರಣಕ್ಕೆ ಓಟ ನೇರ ಮದ್ದು. ನಾಲ್ಕನೆಯದಕ್ಕೆ ಅರ್ಧ ಮದ್ದು. ಮೊದಲ ಮೂರಕ್ಕೆ ಓಟದಿಂದ ಏನೂ ಆಗದು.

ನನ್ನ ವಸ್ತಿಯಲ್ಲಿ ಆದದ್ದು

ನಮ್ಮ ಗಂಡು ಮುಧೋಳ ಬಂದದ್ದು ವಿಜಯಪುರದ ನೆಂಟರ ಮನೆಯಿಂದ, ಒಂದೂವರೆ ವರ್ಷದ್ದಿದ್ದಾಗ. ಪಟ್ಟಣದ ಮನೆ, ಮುಂದೆ ಹತ್ತಡಿ ಜಾಗ. ಅಲ್ಲಿ ಎರಡು ಗಾಡಿ ಸೀಟು, ಒಂದು ಗಾದಿ ಹರಿದಿತ್ತು. 'ಅಣ್ಣಾ, ತೋಟದಾಗ ಇರಲಿ, ಇಲ್ಲಿ ಸಾಕಾತು' ಎಂದು ತಂದುಕೊಟ್ಟರು. ತೋಟಕ್ಕೆ ಬಂದರೆ ಪೈಪು ಕಡಿಯತೊಡಗಿತು. ಜಾಗ ದೊಡ್ಡದಾದರೆ ಸಾಕು ಅನ್ನುವುದು ತಪ್ಪು ತಿಳುವಳಿಕೆ ಎಂಬುದು ಇಲ್ಲಿ ಸ್ಪಷ್ಟವಾಯಿತು. ಹತ್ತು ಎಕರೆ ಇದ್ದರೂ ನಾಯಿ ತಾನಾಗಿ ವ್ಯಾಯಾಮ ಮಾಡುವುದಿಲ್ಲ. ನೆರಳಲ್ಲಿ ಮಲಗುತ್ತದೆ, ಬೇಸರ ಬಂದಾಗ ಹತ್ತಿರ ಸಿಕ್ಕಿದ್ದನ್ನು ಕಡಿಯುತ್ತದೆ.

ನೀರು, ಜಂತಿನ ಔಷಧ ಎಲ್ಲ ನೋಡಿಯಾದ ಮೇಲೆ ಎರಡು ಹೊತ್ತು ಓಟ ಶುರು ಮಾಡಿದೆವು. ಬೆಳಗಿನ ಪಾಳಿ ನನ್ನದು, ಸಂಜೆಯದು ಮಗನದು. ಮೊದಲ ವಾರ ವ್ಯತ್ಯಾಸ ಕಾಣಲಿಲ್ಲ. ಎರಡನೇ ವಾರ ಹಗಲು ಹೊತ್ತು ಮಲಗುವುದು ಹೆಚ್ಚಾಯಿತು. ಮೂರು ವಾರ ದಾಟಿದ ಮೇಲೆ ಜಾಯಿನರ್ ತರುವ ಕೆಲಸ ನಿಂತಿತು. ನಡುವೆ ಒಂದು ಮದುವೆಗೆ ಹೋಗಿ ನಾಲ್ಕು ದಿನ ಓಟ ತಪ್ಪಿದಾಗ ಮತ್ತೆ ಪೈಪಿಗೆ ಬಾಯಿ ಹಾಕಿತ್ತು. ತಿರುಗಿ ಓಡಿಸಿದ ಮೇಲೆ ಬಿಟ್ಟಿತು. ಕಾರಣ ಇದೇ ಎಂದು ನನಗೆ ಖಾತ್ರಿಯಾದದ್ದು ಆವಾಗ.

ದಿನದ ಓಟದ ಕ್ರಮ

ಆರು ತಿಂಗಳ ಒಳಗಿನ ಮರಿ: ಎಲುಬಿನ ತುದಿಗಳು ಇನ್ನೂ ಎಳೆಯವು. ಹಗ್ಗ ಹಿಡಿದು ದೂರ ಓಡಿಸಬಾರದು. ಹತ್ತು ಹದಿನೈದು ನಿಮಿಷದಂತೆ ದಿನಕ್ಕೆ ಮೂರು ನಾಲ್ಕು ಸಲ ಮೆತ್ತನೆ ಮಣ್ಣಿನಲ್ಲಿ ತಾನಾಗಿ ಆಡಲಿ. ದಣಿದು ಕೂತರೆ ಬಿಟ್ಟುಬಿಡಿ.

ಆರರಿಂದ ಹದಿನೈದು ತಿಂಗಳು: ಎರಡು ಹೊತ್ತು ಇಪ್ಪತ್ತು ನಿಮಿಷ ನಡಿಗೆ, ನಡುವೆ ತಾನಾಗಿ ಓಡಿದಷ್ಟು ಓಟ. ಎತ್ತರದಿಂದ ಜಿಗಿಸುವುದು ಬೇಡ.

ಬೆಳೆದ ನಾಯಿ: ಬೆಳಿಗ್ಗೆ ಹೊತ್ತು ಹುಟ್ಟುವ ಮೊದಲು ಮೂವತ್ತು ನಲವತ್ತು ನಿಮಿಷ. ಇದರಲ್ಲಿ ಮೊದಲ ಹತ್ತು ನಿಮಿಷ ಹಗ್ಗದಲ್ಲಿ ನಡಿಗೆ, ಆಮೇಲೆ ಬಿಟ್ಟು ಓಟ, ಕೊನೆಗೆ ಹತ್ತು ನಿಮಿಷ ನಡೆದು ವಾಪಸು. ಸಂಜೆ ಹೊತ್ತು ಮುಳುಗಿದ ಮೇಲೆ ಅರ್ಧ ತಾಸು. ಮುಧೋಳ ನಾಯಿ ಗಂಟೆಗಟ್ಟಲೆ ಓಡಬೇಕಿಲ್ಲ. ಜೋರಾಗಿ ಮೂರು ನಾಲ್ಕು ಸುತ್ತು ಬಿಟ್ಟರೆ ಅದರ ಆಸೆ ತೀರುತ್ತದೆ.

ಮುಪ್ಪಿನ ನಾಯಿಗೆ ನಡಿಗೆ ಸಾಕು.

ಮುಖ್ಯ ನಿಯಮ ಏನೆಂದರೆ ದಿನಾ ಆಗಬೇಕು, ಅದೇ ಹೊತ್ತಿಗೆ ಆಗಬೇಕು. ಆರು ದಿನ ಕಟ್ಟಿ ಅಮಾವಾಸ್ಯೆ ದಿನ ಮೂರು ತಾಸು ಓಡಿಸಿದರೆ ಕಾಲು ನೋವು ಬರುತ್ತದೆಯೇ ಹೊರತು ಚಟ ಹೋಗದು. ಮೋಟರ್ ಸೈಕಲ್ಲಿಗೆ ಹಗ್ಗ ಕಟ್ಟಿ ಓಡಿಸುವವರನ್ನು ನೋಡಿದ್ದೇನೆ. ಅದು ಬೇಡ. ನಾಯಿ ದಣಿದದ್ದು ಗಾಡಿ ಮೇಲಿದ್ದವನಿಗೆ ತಿಳಿಯುವುದಿಲ್ಲ, ಅಂಗಾಲಿನ ಚರ್ಮ ಕಿತ್ತುಬರುತ್ತದೆ.

ಕೊರಳ ಪಟ್ಟಿ ಅಗಲ ಇರಲಿ. ಮುಧೋಳದ ತಲೆ ಕಿರಿದು, ಸಡಿಲ ಪಟ್ಟಿಯಿಂದ ಸುಲಭವಾಗಿ ಜಾರಿಕೊಳ್ಳುತ್ತದೆ.

ಎಲ್ಲಿ ಓಡಿಸಬೇಕು

ವಿಜಯಪುರ ಪಟ್ಟಣದಲ್ಲಿ: ಹಗ್ಗ ಬಿಡಬೇಡಿ. ಬೆಕ್ಕು ಕಂಡರೆ ಈ ನಾಯಿ ರಸ್ತೆ, ಬಸ್ಸು ಏನೂ ನೋಡುವುದಿಲ್ಲ. ಗಾಡಿ ಓಡಾಟ ಶುರು ಆಗುವ ಮೊದಲೇ ಚುರುಕು ನಡಿಗೆ ಮುಗಿಸಿ. ಗೋಡೆ ಇರುವ ಖಾಲಿ ನಿವೇಶನ ಸಿಕ್ಕರೆ, ಮಾಲಕರನ್ನು ಕೇಳಿ ಅಲ್ಲಿ ಬಿಟ್ಟು ಓಡಿಸಬಹುದು. ಒಡೆದ ಗಾಜು ಇದೆಯೇ ಮೊದಲು ನೋಡಿ. ಬೀದಿ ನಾಯಿ ಎದುರಾಗುವುದರಿಂದ ಹುಚ್ಚುನಾಯಿ ರೋಗದ ಲಸಿಕೆ ವರ್ಷಕ್ಕೊಮ್ಮೆ ತಪ್ಪದೇ ಆಗಿರಬೇಕು. ಈ ಮಾತು ಹಳ್ಳಿಯವರಿಗೂ ಅಷ್ಟೇ.

ತಿಕೋಟಾ ಕಡೆಯ ದ್ರಾಕ್ಷಿ ತೋಟದಲ್ಲಿ: ಸಾಲುಗಳ ನಡುವೆ ಬಿಟ್ಟು ಓಡಿಸಬೇಡಿ. ತಂತಿ, ಕಬ್ಬಿಣದ ಆ್ಯಂಗಲ್ ಇರುತ್ತವೆ. ಜೋರು ಓಟದಲ್ಲಿ ಎದೆ, ಭುಜ ಸೀಳಿಕೊಳ್ಳುತ್ತದೆ. ಈ ತಳಿಗೆ ಚರ್ಮ ತೆಳು. ಔಷಧ ಹೊಡೆದ ದಿನವಂತೂ ತೋಟದೊಳಗೆ ನಾಯಿ ಬರಲೇಬಾರದು. ಕಾಲಿಗೆ ಹತ್ತಿದ ಔಷಧವನ್ನು ಅದು ನೆಕ್ಕುತ್ತದೆ. ತೋಟದ ಸುತ್ತಿನ ಬಂಡಿ ದಾರಿ ಒಳ್ಳೆಯದು.

ಬಬಲೇಶ್ವರ ಕಡೆಯ ಎರಿ ಹೊಲದಲ್ಲಿ: ಜೋಳ, ತೊಗರಿ ಕೊಯ್ದ ಹೊಲದಲ್ಲಿ ಕೂಳೆ ಚೂಪಾಗಿ ನಿಂತಿರುತ್ತದೆ. ಬೇಸಿಗೆಗೆ ಎರಿ ನೆಲ ಬಿರಿದು ಕಾಲು ಹೋಗುವಷ್ಟು ಬಿರುಕು ಬಿಡುತ್ತದೆ. ಓಡುವ ನಾಯಿಯ ಮುಂಗಾಲು ಅದರಲ್ಲಿ ಸಿಕ್ಕರೆ ಮುರಿದೇ ಹೋಗುತ್ತದೆ. ಕುಂಟೆ ಹೊಡೆದ ಹೊಲ, ಬದುವಿನ ಪಕ್ಕದ ದಾರಿ ಆಯ್ದುಕೊಳ್ಳಿ. ಕಟ್ಟೆ ಇಲ್ಲದ ಬಾವಿ, ಕೃಷಿ ಹೊಂಡದ ದಿಕ್ಕಿಗೆ ಬಿಡಬೇಡಿ. ಹೊಂಡದ ಪ್ಲಾಸ್ಟಿಕ್ ಹಾಳೆಯ ಮೇಲೆ ನಾಯಿ ಹತ್ತಿ ಬರಲಾರದು.

ಹೊತ್ತು ಸಿಗದ ದಿನಕ್ಕೆ ಚಿಂದಿ ಕೋಲು

ಕೊಯ್ಲು, ಚಾಟಣಿ ದಿನಗಳಲ್ಲಿ ಒಂದು ತಾಸು ಸಿಗುವುದು ಕಷ್ಟ. ಅಂಥ ದಿನಕ್ಕೆ ಆರಡಿ ಬಿದಿರು ಕೋಲಿನ ತುದಿಗೆ ಅಷ್ಟೇ ಉದ್ದದ ಹಗ್ಗ, ಹಗ್ಗದ ತುದಿಗೆ ಹಳೇ ಬಟ್ಟೆಯ ಚಿಂದಿ ಕಟ್ಟಿ. ನೀವು ನಡುವೆ ನಿಂತು ಚಿಂದಿಯನ್ನು ನೆಲದ ಮೇಲೆ ದೊಡ್ಡ ಸುತ್ತಿನಲ್ಲಿ ಎಳೆದರೆ ನಾಯಿ ಮೊಲದ ಬೆನ್ನು ಹತ್ತಿದಂತೆ ಓಡುತ್ತದೆ. ಹತ್ತು ನಿಮಿಷಕ್ಕೆ ದಣಿಯುತ್ತದೆ. ಗಕ್ಕನೆ ತಿರುಗಿಸಬೇಡಿ, ಗಾಳಿಯಲ್ಲಿ ಎತ್ತರಕ್ಕೆ ಹಾರಿಸಬೇಡಿ, ಮಂಡಿಗೆ ಪೆಟ್ಟು. ನಡುನಡುವೆ ಚಿಂದಿ ಹಿಡಿಯಲು ಬಿಡಿ. 'ಬಿಡು' ಎಂದಾಗ ಬಿಟ್ಟರೆ ರೊಟ್ಟಿ ಚೂರು ಕೊಡಿ. ನಾಲ್ಕು ದಿನದಲ್ಲಿ ಈ ಮಾತು ಕಲಿಯುತ್ತದೆ. ಮುಂದೆ ಪೈಪಿಗೆ ಬಾಯಿ ಹಾಕಿದಾಗ ಅದೇ ಮಾತು ಕೆಲಸಕ್ಕೆ ಬರುತ್ತದೆ.

ಓಡಿ ಬಂದ ನಾಯಿಗೆ ಕಡಿಯಲು ಏನಾದರೂ ಬೇಕು. ಕಡಕ್ ಜೋಳದ ರೊಟ್ಟಿ ಇದಕ್ಕೆ ಚಲೋ. ಬೇಯಿಸಿದ ಕೋಳಿ ಎಲುಬು ಕೊಡಬೇಡಿ, ಸೀಳಿ ಕರುಳಿಗೆ ಚುಚ್ಚುತ್ತದೆ. ಹಳೇ ಪೈಪಿನ ತುಂಡನ್ನು ಆಟಕ್ಕೆ ಕೊಡುವುದಂತೂ ಬೇಡ. ಹಳೇ ಪೈಪು, ಹೊಸ ಪೈಪು ಎಂಬ ಭೇದ ಅದಕ್ಕೆ ತಿಳಿಯದು. ತಾಸಿನ ಹಿಂದೆ ಕಡಿದ ಪೈಪು ತೋರಿಸಿ ಬಡಿಯುವುದರಿಂದಲೂ ಉಪಯೋಗವಿಲ್ಲ. ಏಟು ಯಾಕೆ ಬಿತ್ತು ಎಂದು ನಾಯಿಗೆ ಗೊತ್ತಾಗುವುದಿಲ್ಲ, ಅಂಜಿಕೆ ಮಾತ್ರ ಉಳಿಯುತ್ತದೆ.

ಬಿಸಿಲು ಮತ್ತು ಊಟ

ನಮ್ಮಲ್ಲಿ ಏಪ್ರಿಲ್, ಮೇ ತಿಂಗಳ ಬಿಸಿಲು 40 ಡಿಗ್ರಿ ದಾಟುತ್ತದೆ. ನಾಯಿ ನಮ್ಮಂತೆ ಮೈಯೆಲ್ಲ ಬೆವರುವುದಿಲ್ಲ. ನಾಲಿಗೆ ಚಾಚಿ ಏದುಸಿರು ಬಿಟ್ಟೇ ಮೈ ತಂಪು ಮಾಡಿಕೊಳ್ಳಬೇಕು. ಮುಂಗೈ ಹಿಂಭಾಗವನ್ನು ನೆಲಕ್ಕೆ ಇಟ್ಟು ಐದಾರು ಎಣಿಸುವ ತನಕ ತಾಳಲಾಗದಿದ್ದರೆ ನಾಯಿಯ ಅಂಗಾಲಿಗೂ ಆ ನೆಲ ಬೇಡ. ಬೇಸಿಗೆಯಲ್ಲಿ ಓಟ ಅರ್ಧಕ್ಕೆ ಇಳಿಸಿ, ಬೆಳಗಿನ ಹೊತ್ತಿಗೇ ಒತ್ತು ಕೊಡಿ.

ಏದುಸಿರು ನಿಲ್ಲದೆ ಇರುವುದು, ಅಂಟು ಜೊಲ್ಲು, ಒಸಡು ಕೆಂಪಾಗುವುದು, ತೂರಾಡುವುದು ಕಂಡರೆ ಬಿಸಿಲು ಬಡಿದಿದೆ. ನಾಯಿಯ ಮೈ ಬಿಸಿ ಸಾಮಾನ್ಯವಾಗಿ 38ರಿಂದ 39 ಡಿಗ್ರಿ. 41 ದಾಟಿದರೆ ಜೀವಕ್ಕೆ ಅಪಾಯ. ತಡಮಾಡದೆ ನೆರಳಿಗೆ ತಂದು ಮೈಮೇಲೆಲ್ಲ ನೀರು ಹಾಕಿ, ಗಾಳಿ ಬೀಸಿ, ಪಶು ಆಸ್ಪತ್ರೆಗೆ ಒಯ್ಯಿರಿ.

ಊಟ ಓಟದ ನಂತರ, ಅರ್ಧ ತಾಸು ಆರಿದ ಮೇಲೆ. ಹೊಟ್ಟೆ ತುಂಬಾ ಉಣಿಸಿ ಓಡಿಸಬಾರದು. ಆಳವಾದ ಎದೆಯ ನಾಯಿಗಳಲ್ಲಿ ಹೊಟ್ಟೆ ಉಬ್ಬಿ ಜಠರ ತಿರುಚಿಕೊಳ್ಳುವ ಅಪಾಯ ಇರುತ್ತದೆ. ಹೊಟ್ಟೆ ಉಬ್ಬಿ, ವಾಂತಿಗೆ ಬಂದಂತೆ ಮಾಡಿದರೂ ಏನೂ ಬಾರದಿದ್ದರೆ ಒಂದು ತಾಸು ಕೂಡ ಕಾಯಬೇಡಿ.

ದ್ರಾಕ್ಷಿ, ಮಣೂಕ ನಾಯಿಗೆ ವಿಷ

ಇದನ್ನು ನಮ್ಮ ಭಾಗದವರು ಖಂಡಿತ ತಿಳಿದಿರಬೇಕು. ದ್ರಾಕ್ಷಿ ಮತ್ತು ಒಣದ್ರಾಕ್ಷಿ ತಿಂದ ನಾಯಿಯ ಕಿಡ್ನಿ ಕೆಡಬಹುದು. ದ್ರಾಕ್ಷಿಯಲ್ಲಿರುವ ಟಾರ್ಟಾರಿಕ್ ಆಮ್ಲ ಇದಕ್ಕೆ ಕಾರಣ ಇರಬೇಕೆಂದು ಅಮೆರಿಕದ ಪಶುವೈದ್ಯರು 2021ರಲ್ಲಿ ಬರೆದರು. ಒಣಗಿದ ಮೇಲೆ ಅದರ ಸಾಂದ್ರತೆ ಹೆಚ್ಚುವುದರಿಂದ ಮಣೂಕ ಇನ್ನೂ ಅಪಾಯ. ಒಂದು ನಾಯಿ ತಿಂದರೂ ಏನೂ ಆಗದಿರಬಹುದು, ಇನ್ನೊಂದಕ್ಕೆ ಸ್ವಲ್ಪವೇ ಸಾಕು.

ಬೇಸರಗೊಂಡ ನಾಯಿ ಸುಮ್ಮನೆ ಅಗಿಯಲು ಹುಡುಕುವುದು ಶೆಡ್ಡಿನ ಕೆಳಗೆ ಉದುರಿದ ಹಣ್ಣನ್ನೇ. ಫೆಬ್ರುವರಿಯಿಂದ ಏಪ್ರಿಲ್ ತನಕ ಒಣಗಿಸುವ ಶೆಡ್ಡಿನ ಹತ್ತಿರ ಬಿಡಬೇಡಿ. ತಿಂದದ್ದು ಕಂಡರೆ ವಾಂತಿ ಶುರು ಆಗುವ ತನಕ ಕಾಯದೆ ಡಾಕ್ಟರರ ಹತ್ತಿರ ಒಯ್ಯಿರಿ. ಮೊದಲ ಒಂದೆರಡು ತಾಸಿನಲ್ಲಿ ವಾಂತಿ ಮಾಡಿಸಿದರೆ ಉಳಿಯುವ ದಾರಿ ಹೆಚ್ಚು. ಮನೆಯಲ್ಲಿ ಉಪ್ಪು ನೀರು ಕುಡಿಸಬೇಡಿ, ಅದೇ ಇನ್ನೊಂದು ವಿಷ ಆಗುತ್ತದೆ. ಮಂಕಾಗುವುದು, ಊಟ ಬಿಡುವುದು, ಮೂತ್ರ ಕಡಿಮೆ ಆಗುವುದು ಕಿಡ್ನಿ ಕೆಟ್ಟ ಲಕ್ಷಣ.

ಓಟದಿಂದ ಆಗದ ಕೆಲಸ

ಕುರಿ, ಕೋಳಿ ಹಿಡಿಯುವ ಚಟ ಓಟದಿಂದ ಹೋಗುವುದಿಲ್ಲ. ಅದು ಬೇಟೆಯ ಗುಣ. ಎಷ್ಟೇ ದಣಿಸಿದರೂ ಎದುರಿಗೆ ಕುರಿ ಓಡಿದರೆ ಮುಧೋಳ ಬೆನ್ನು ಹತ್ತುತ್ತದೆ. ಅಂಥದ್ದನ್ನು ಕುರಿ ಮೇಯುವ ಕಡೆ ಹಗ್ಗದಲ್ಲೇ ಇಟ್ಟುಕೊಳ್ಳಬೇಕು, ಬೇಕಾದರೆ ಬಾಯಿಗೆ ಕುಕ್ಕೆ ಹಾಕಬೇಕು. ಸಣ್ಣ ಮರಿಯಿಂದಲೇ ಕುರಿ ಕೋಳಿ ನಡುವೆ ಬೆಳೆದದ್ದು ಸ್ವಲ್ಪ ಮೇಲು. ಮಂದಿಗೆ ಕಚ್ಚುವ ನಾಯಿಯನ್ನೂ ಪಶುವೈದ್ಯರಿಗೆ ತೋರಿಸಿ.

ಮರಿ ತರುವ ಮೊದಲೇ ಒಂದು ಲೆಕ್ಕ ಹಾಕಿಕೊಳ್ಳಿ. ಬೆಳಿಗ್ಗೆ ಯಾರು, ಸಂಜೆ ಯಾರು? ಎರಡು ಹೆಸರು ಸಿಗದಿದ್ದರೆ ಮುಧೋಳ ಬೇಡ, ನಿಮ್ಮ ಊರಿನ ನಾಟಿ ನಾಯಿಯ ಮರಿ ತನ್ನಿ. ಅದಕ್ಕೂ ತಿರುಗಾಟ ಬೇಕು, ಆದರೆ ಇಷ್ಟು ಓಟ ಕೇಳುವುದಿಲ್ಲ. ಈಗಾಗಲೇ ಮನೆಯಲ್ಲಿ ಕಡಿಯುವ ನಾಯಿ ಇದ್ದವರು, ಅದನ್ನು ಬಿಟ್ಟು ಬರಲು ಹೊರಡುವ ಮೊದಲು ಮೂರು ವಾರ ತಪ್ಪದೇ ಓಡಿಸಿ ನೋಡಿ.